ಅಪ್‌ಡೇಟ್: ಅಪ್ಪ ಡೊಂಬಿವಲಿಗೆ ವಾಪಸ್ ಬಂದರು

ಹೋದ ತಿಂಗಳು ಕೇಳಿದ್ದೆನಲ್ಲ, ಚಳಿಗಾಲದ ಟ್ರಿಪ್‌ನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಅಪ್ಪನಿಗೆ ಎದೆನೋವು ಬಂದು ಅಡ್ಮಿಟ್ ಮಾಡಿದ್ದೇವೆ, ಇನ್ಶೂರೆನ್ಸ್‌ನವರು ಫೋನೇ ಎತ್ತುತ್ತಿಲ್ಲ, ಏನು ಮಾಡೋದು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಅಪ್ಪ ಈಗ ಮನೆಯಲ್ಲಿದ್ದಾರೆ. ಸಾರಿಗೆ ಉಪ್ಪು ಸಾಲದು ಅಂತ ಅಮ್ಮನ ಜೊತೆ ದಿನಾ ಜಗಳ.

ಆವತ್ತು 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್‌ಗೆ ಹೋಗೋದಿತ್ತು. ಶೂ ಲೇಸ್ ಕಟ್ಟಲು ಬಗ್ಗಿದವರು ಹಾಗೇ ಮಂಚದ ಮೇಲೆ ಕೂತುಬಿಟ್ಟರು. ಅಂಥ ಚಳಿಯಲ್ಲೂ ಬನಿಯನ್ ಪೂರ್ತಿ ಒದ್ದೆ. ‘ಗ್ಯಾಸ್ ಕಣೋ, ಜೀರಿಗೆ ಇದ್ದರೆ ಕೊಡು’ ಅಂದರು. ಹೋಟೆಲಿನ ಹುಡುಗಿ ನಮ್ಮನ್ನು ಕೇಳಲೂ ಇಲ್ಲ, ಸೀದಾ 144ಕ್ಕೆ ಫೋನ್ ಮಾಡಿದಳು, ಅಲ್ಲಿ ಆಂಬುಲೆನ್ಸ್‌ಗೆ ಅದೇ ನಂಬರ್. ಒಂದು ಸ್ಟೆಂಟ್ ಹಾಕಿದರು.

ನೀವು ಹೇಳಿದ ಹಾಗೆ ಫೋನ್ ಬಿಟ್ಟು ಈಮೇಲ್ ಮಾಡಿದೆ. ಪಾಲಿಸಿ, ಪಾಸ್‌ಪೋರ್ಟ್, ಅಡ್ಮಿಶನ್ ಪೇಪರ್ ಎಲ್ಲ ಒಟ್ಟಿಗೆ. ಎರಡು ಗಂಟೆಯಲ್ಲಿ ಕ್ಲೇಮ್ ನಂಬರ್ ಬಂತು! ಅಪ್ಪನ ಬಿಪಿ ವಿಷಯ ಫಾರ್ಮ್‌ನಲ್ಲಿ ಬರೆದಿದ್ದು ಒಳ್ಳೇದಾಯ್ತು, ಪ್ರೀಮಿಯಂ ಜಾಸ್ತಿ ಆಗುತ್ತೆ ಬೇಡ ಅಂತ ಏಜೆಂಟ್ ತಡೆದಿದ್ದ. ಆದರೆ ಷೆಂಗೆನ್ ವೀಸಾಕ್ಕೆ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) 30,000 ಯೂರೋ ಕವರ್ ಇದ್ದರೆ ಸಾಕಲ್ವಾ, ಸುಮ್ನೆ ಜಾಸ್ತಿ ಯಾಕೆ ಅಂತ ಅಷ್ಟೇ ತಗೊಂಡಿದ್ದೆ, ಬಿಲ್ ಅದನ್ನೂ ದಾಟಿತು. ಉಳಿದದ್ದು ನನ್ನ ಕ್ರೆಡಿಟ್ ಕಾರ್ಡ್ ಮೇಲೆ.

ವಿಮಾನ ಹತ್ತಲು ಡಾಕ್ಟರ ಪತ್ರ, ಏರ್‌ಲೈನ್‌ನ ಫಾರ್ಮ್ ಎರಡೂ ಬೇಕಾಯ್ತು. ಮುಂಬೈನಲ್ಲಿ ಇಳಿದಾಗ ವೀಲ್‌ಚೇರ್ ಮೇಲೆ ಕೂತು ಅಪ್ಪ ಕೇಳಿದ ಮೊದಲ ಮಾತು, ‘ಆ ಬೆಟ್ಟದ ಟಿಕೆಟ್ ದುಡ್ಡು ವಾಪಸ್ ಬಂತೇನೋ?’

ಇನ್ನೂ ಬಂದಿಲ್ಲ.