ಸಹಾಯ ಬೇಕು: ಸೈಕಲ್ ಗೇರ್ ಸರಿಯಾಗಿ ಬೀಳುತ್ತಿಲ್ಲ

ನಮಸ್ಕಾರ. ಕೊಡಗಿನಲ್ಲಿ ಗೇರ್ ಸೈಕಲ್ ಓಡಿಸುವವರು ಯಾರಾದರೂ ಸ್ವಲ್ಪ ದಾರಿ ತೋರಿಸಿ.

ನನ್ನದು ಹಿಂದೆ 8 ಸ್ಪೀಡ್ ಇರುವ ಸೈಕಲ್. ಮಳೆಗಾಲದಲ್ಲೂ ಬಿಡದೆ ಓಡಿಸಿದೆ, ಅದು ನನ್ನದೇ ತಪ್ಪು. ಈಗ ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಸುಂಟಿಕೊಪ್ಪ ದಾಟಿದರೆ ಸಾಕು, ಗೋಳು ಶುರು. ಏರಿನಲ್ಲಿ ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹೇಗೋ ಹತ್ತುತ್ತದೆ. ಆದರೆ ವಾಪಸ್ ಸಣ್ಣ ಚಕ್ರಕ್ಕೆ ಇಳಿಯುವುದೇ ಇಲ್ಲ. ಒಂದು ಕ್ಲಿಕ್ ಒತ್ತಿದರೆ ಸುಮ್ನೆ ಇರುತ್ತದೆ, ಇನ್ನೊಂದು ಒತ್ತಿದರೆ ಎರಡು ಚಕ್ರ ಒಟ್ಟಿಗೆ ಹಾರುತ್ತದೆ!

ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹತ್ತಿರ ಕೇಬಲ್ ಬಿಗಿ ಮಾಡುವ ತಿರುಪು ಇದೆಯಲ್ಲ, ಅದನ್ನು ಅರ್ಧರ್ಧ ಸುತ್ತು ತಿರುಗಿಸಿ ನೋಡಿದೆ. ಬಿಗಿ ಮಾಡಿದರೆ ಇಳಿಯಲ್ಲ, ಸಡಿಲ ಮಾಡಿದರೆ ಹತ್ತಲ್ಲ. ಚೈನ್ ಎರಡು ತುದಿ ದಾಟದಂತೆ ತಡೆಯುವ, ಎಚ್, ಎಲ್ ಅಂತ ಗುರುತಿರುವ ಸ್ಕ್ರೂಗಳನ್ನು ಮುಟ್ಟಿಲ್ಲ. ಎಲ್ ತಪ್ಪಿದರೆ ಚೈನ್ ಕಡ್ಡಿಗಳೊಳಗೆ ಬೀಳುತ್ತದೆ ಅನ್ನುವ ಭಯ.

ಔಟರ್ (ಕೇಬಲ್ ಮೇಲಿನ ಕೊಳವೆ) ಒಳಗೆ ನೀರು ಹೋಗಿ ಕೇಬಲ್ ತುಕ್ಕು ಹಿಡಿದಿರಬಹುದು ಅಂತ ನನ್ನ ಅನುಮಾನ. ಆದರೆ ಕಳೆದ ತಿಂಗಳು ತೋಟದ ಗೇಟಿನ ಹತ್ತಿರ ಸೈಕಲ್ ಬಲಗಡೆಗೆ ಬಿದ್ದಿತ್ತು. ಡಿರೈಲರ್ ಅನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಬಗ್ಗಿರಬಹುದಾ? ಹಿಂದಿನಿಂದ ನೋಡಿದರೆ ನೇರವಾಗಿಯೇ ಕಾಣುತ್ತದೆ, ಆದರೆ ಕಣ್ಣಳತೆ ನಂಬುವುದು ಹೇಗೆ?

ಅಂಗಡಿಯವರೊಬ್ಬರು ನೋಡಿದ ಕೂಡಲೇ ಪೂರ್ತಿ ಡಿರೈಲರ್ ಬದಲಿಸಿ ಅಂದರು. ಅಷ್ಟು ಬೇಕಾ? ಮೊದಲು ಕೇಬಲ್, ಔಟರ್ ಮಾತ್ರ ಹೊಸದು ಹಾಕಿ ನೋಡಲಾ? ಹ್ಯಾಂಗರ್ ಅಳೆದು ನೇರ ಮಾಡುವ ಗೇಜ್ ಅನ್ನುವ ಸಲಕರಣೆ ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಯಾರ ಹತ್ತಿರ ಇದೆ? ಇಲ್ಲದಿದ್ದರೆ ಮೈಸೂರಿಗೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕಾ?