ಅಪ್‌ಡೇಟ್: ಸಾಮಾನೆಲ್ಲ ಗೋಡೌನ್ ಸೇರ್ತು, ಸಲಹೆ ಕೊಟ್ಟೋರಿಗೆಲ್ಲ ಥ್ಯಾಂಕ್ಸ್

ದಾವಣಗೆರೆ ವಿದ್ಯಾನಗರದ ಮನೆ ಖಾಲಿ ಮಾಡ್ತಿದೀವಿ, ಎಂಟು ತಿಂಗಳು ಸಾಮಾನೆಲ್ಲ ಬಾಡಿಗೆ ಗೋಡೌನಲ್ಲಿ ಇಡ್ಬೇಕು, ಮಳೆಗಾಲ ಬೇರೆ, ಹೆಂಗೆ ಪ್ಯಾಕ್ ಮಾಡೋದು ಅಂತ ಕೇಳಿದ್ನಲ್ಲ, ನಿನ್ನೆ ಎಲ್ಲ ಮುಗೀತು.

ಫ್ರಿಡ್ಜ್ ಎರಡು ದಿನ ಮುಂಚೇನೇ ಆಫ್ ಮಾಡಿ ಐಸ್ ಕರಗಿಸಿ ಅಡುಗೆ ಸೋಡಾ ನೀರಲ್ಲಿ ಒರೆಸಿದೆ. ಬಾಗ್ಲ ರಬ್ಬರ್ ಮಡಿಕೆ ಬಿಡಿಸಿ ನೋಡಿದ್ರೆ ಒಳಗೆಲ್ಲ ಕರ್ರಗೆ ಬೂಷ್ಟು, ಹಳೆ ಟೂತ್‌ಬ್ರಷ್ ತಗೊಂಡು ಅರ್ಧ ಗಂಟೆ ಉಜ್ಜಿದೀನಿ. ನೀವು ಹೇಳಿದಂಗೆ ಬಾಗ್ಲು ಪೂರ್ತಿ ಮುಚ್ಚದಂಗೆ ಮಧ್ಯ ಬಟ್ಟೆ ಸಿಗ್ಸಿ ಹಗ್ಗ ಕಟ್ಟಿದೀವಿ. ವಾಷಿಂಗ್ ಮಷೀನ್ ಒಣಗೈತೆ ಅನ್ಕೊಂಡಿದ್ದೆ, ಪೈಪ್ ಕೆಳಗೆ ಬಿಟ್ರೆ ಇನ್ನೂ ಅರ್ಧ ಚೊಂಬು ನೀರು ಬಂತು!

ಗಾದಿನ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ಬೇಡಿ, ತೇವ ಒಳಗೇ ಉಳಿಯುತ್ತೆ ಅಂದ್ರಲ್ಲ ಒಬ್ರು, ಅದಕ್ಕೆ ಎರಡು ದಿನ ಬಿಸಿಲಿಗೆ ಹಾಕಿ ಅವ್ವನ ಹಳೆ ಕಾಟನ್ ಸೀರೆಲಿ ಸುತ್ತಿದೆ. ನೆಲಕ್ಕೆ ಇಟ್ಟಿಗೆ, ಮೇಲೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ರೊಟ್ಟಿ ಹಂಚಿಗೆ ಅವ್ವನೇ ಎಣ್ಣೆ ಸವರಿ ಪೇಪರ್ ಸುತ್ತಿ ಕೊಟ್ಲು, ಬೇರೆ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ಸಿಲಿಂಡರ್ ಏಜೆನ್ಸಿಗೆ ವಾಪಸ್ ಕೊಟ್ಟಾಯ್ತು.

ಕೊನೆಗೆ ಗಾಡಿ ಹೊರಡೋ ಹೊತ್ತಲ್ಲಿ ಪಾತ್ರೆ ಬಾಕ್ಸ್ ಅಲ್ಲಾಡ್ಸಿದ್ರೆ ಏನೋ ಸದ್ದು, ಟೇಪ್ ಕಿತ್ತು ನೋಡಿದ್ರೆ ಅರ್ಧ ಡಬ್ಬ ಮಂಡಕ್ಕಿ! ಅದೊಂದು ಒಳಗೆ ಹೋಗಿದ್ರೆ ಇಲಿಗಳು ಬಟ್ಟೆನೂ ಬಿಡ್ತಿರ್ಲಿಲ್ಲ. ದಯವಿಟ್ಟು ಟೇಪ್ ಹಾಕೋಕೆ ಮುಂಚೆ ಪ್ರತಿ ಡಬ್ಬ ತೆಗೆದು ನೋಡಿ. ತಿಂಗಳಿಗೊಂದ್ಸಲ ತಮ್ಮ ಹೋಗಿ ಬಾಗ್ಲು ತೆಗೆದು ಗಾಳಿ ಆಡಿಸ್ತೀನಿ ಅಂದಿದಾನೆ.