ಜ್ವರ ಬಿಟ್ಟ ಮೇಲೂ ನಾಡಿ ನೋಡಿ. ಭಾನುವಾರ ಎಲ್ಲರೂ ಕೆಳಗೆ ಬನ್ನಿ (ಪುಣೆಯ ಕೋಥ್ರೂಡ್, ನಮ್ಮ ಸೊಸೈಟಿಯ ಕನ್ನಡ ಮನೆಗಳ ಗುಂಪು)

ಬಿ-304: ಮಗ ನಿನ್ನೆ ಮನೆಗೆ ಬಂದ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಇಲ್ಲೇ ಹೇಳುತ್ತೇನೆ. ಡೆಂಗಿ ಜ್ವರ ಐದನೇ ದಿನ ಬಿಟ್ಟಿತ್ತು. ಪ್ಲೇಟ್‌ಲೆಟ್ ಏರುತ್ತಿತ್ತು, ಗಂಜಿ ಕೇಳಿ ಕುಡಿದ. ಮರುದಿನ ಬಚ್ಚಲಿಗೆ ಎದ್ದು ಹೋದವನಿಗೆ ಕಣ್ಣು ಕತ್ತಲೆ ಬಂತು. ನಾಡಿ ನಿಮಿಷಕ್ಕೆ ಬರೀ 44. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಎಲ್ಲ ನೋಡಿ ಮಯೋಕಾರ್ಡೈಟಿಸ್ ಅಂದರು, ಹೃದಯದ ಸ್ನಾಯುವಿಗೆ ಉರಿಯೂತ. ಈಗ ಆರಾಮಾಗಿದ್ದಾನೆ. ಕೆಲವು ತಿಂಗಳು ಕ್ರಿಕೆಟ್, ಓಟ ಬೇಡ ಅಂದಿದ್ದಾರೆ.

ಎ-102: ದೇವರು ದೊಡ್ಡವನು ಅಕ್ಕ. ನಮ್ಮ ಅತ್ತೆಗೆ ಚಿಕೂನ್‌ಗುನ್ಯಾ. ಅದು ಬರೀ ಕೀಲುನೋವು ಅಲ್ವಾ?

ಸಿ-501 (ಡಾಕ್ಟರ್): ಅಪರೂಪಕ್ಕೆ ಅದೂ ಹೃದಯಕ್ಕೆ ತಾಕುತ್ತದೆ. ವಯಸ್ಸಾದವರು, ಬಿಪಿ, ಶುಗರ್ ಇರುವವರ ಮೇಲೆ ಜಾಸ್ತಿ ಕಣ್ಣಿಡಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಕಷ್ಟದ್ದು, ಸಾಮಾನ್ಯವಾಗಿ 3ರಿಂದ 7ನೇ ದಿನ. ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಚೇತರಿಸಿಕೊಳ್ಳುವಾಗ ನಾಡಿ ತುಸು ನಿಧಾನವಾಗುವುದುಂಟು, ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಆದರೆ ಎದೆನೋವು, ಏದುಸಿರು, ತಲೆಸುತ್ತು, ಎದೆ ಡವಡವ ಇದ್ದರೆ ಕಾಯಬೇಡಿ, ಅವತ್ತೇ ಇಸಿಜಿ ಮಾಡಿಸಿ. ‘ಇನ್ನೊಂದು ಬಾಟಲ್ ಡ್ರಿಪ್ ಹಾಕಿ’ ಅಂತ ಒತ್ತಾಯ ಮಾಡಬೇಡಿ. ಸೋರಿದ ನೀರು ರಕ್ತಕ್ಕೆ ವಾಪಸ್ ಬರುವಾಗ ಹೆಚ್ಚಿನ ಡ್ರಿಪ್ ಹೃದಯಕ್ಕೂ ಶ್ವಾಸಕೋಶಕ್ಕೂ ಭಾರ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡವೇ ಬೇಡ. ಹೃದಯಕ್ಕೆಂದು ಮೊದಲೇ ಆಸ್ಪಿರಿನ್ ನುಂಗುವವರು ಜ್ವರ ಬಂದ ದಿನವೇ ಡಾಕ್ಟರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಬಿ-201: ಮೊದಲು ಹೊಗೆ ಹೊಡೆಸೋಣ. ದುಡ್ಡು ನಾನು ಕೊಡುತ್ತೇನೆ.

ಎ-403: ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ ತಮ್ಮಾ. ನಿನ್ನೆ ಬಿ ವಿಂಗ್ ಲಿಫ್ಟಿನ ತಳದ ಗುಂಡಿಗೆ ಟಾರ್ಚ್ ಹಾಕಿ ನೋಡಿದೆ. ಗೇಣುದ್ದ ನೀರು ನಿಂತಿದೆ. ಹುಳುಗಳು ತಲೆ ಕೆಳಗೆ ಮಾಡಿ ನೇತಾಡುತ್ತಿವೆ, ಕೈಯ ನೆರಳು ಬಿದ್ದರೆ ಸರ್ರನೆ ತಳಕ್ಕೆ ಇಳಿಯುತ್ತವೆ. ಅವು ವಾರ, ಹತ್ತು ದಿನದೊಳಗೆ ಸೊಳ್ಳೆಯಾಗಿ ನಮ್ಮ ಮನೆಗೇ ಬರುತ್ತವೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವ, ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. 2024ರಲ್ಲಿ ಪುಣೆಗೆ ಝಿಕಾ ಬಂದಾಗಲೂ ಇದೇ ಸೊಳ್ಳೆ. ಡ್ರಮ್, ಕುಂಡದ ತಟ್ಟೆ, ಕೂಲರ್ ಖಾಲಿ ಮಾಡಿದರೆ ಸಾಲದು, ತಿಕ್ಕಿ ತೊಳೆಯಬೇಕು. ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಸಿ-203: ಪಕ್ಕದ ಕಟ್ಟಡದ ಸೈಟಿನಲ್ಲೂ ಕಾಂಕ್ರೀಟ್ ನೆನೆಸಲು ಬಿಟ್ಟ ಕ್ಯೂರಿಂಗ್ ನೀರು ನಿಂತಿದೆ ಕಾಕಾ. ಮೇಸ್ತ್ರಿಗೆ ಹೇಳಿ ಹೇಳಿ ಸಾಕಾಯಿತು.

ಎ-102: ವಾರ್ಡ್ ಆಫೀಸಿಗೆ ಮರಾಠಿಯಲ್ಲಿ ಅರ್ಜಿ ನಾನು ಬರೆಯುತ್ತೇನೆ. ಸಿ-203, ಫೋಟೋ ಕಳಿಸಿ. ಸೊಸೈಟಿಯ ದೊಡ್ಡ ಗುಂಪಿಗೂ ಡಾಕ್ಟರ್ ಹೇಳಿದ್ದನ್ನು ಮರಾಠಿಯಲ್ಲಿ ಹಾಕುತ್ತೇನೆ.

ಬಿ-201: ಸರಿ, ಆ ದುಡ್ಡಿಗೆ ಪಂಪ್ ಬಾಡಿಗೆಗೆ ತರುತ್ತೇನೆ. ಲಿಫ್ಟ್ ಬಂದ್ ಮಾಡಿಸಿ, ಅವರ ಮೆಕ್ಯಾನಿಕ್ ಬರದೆ ಯಾರೂ ಗುಂಡಿಗೆ ಇಳಿಯಬೇಡಿ.

ಎ-403: ಭಾನುವಾರ ಬೆಳಿಗ್ಗೆ 8ಕ್ಕೆ. ಟೆರೇಸ್ ಕೀಲಿ ವಾಚ್‌ಮನ್ ಹತ್ತಿರ ಇದೆ. ಬ್ರಷ್ ತನ್ನಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.